ಜುಮ್ಮಾ ರಾತ್ರಿಯ ಚುಕ್ಕೆ

ತಾ. 8-12-1934, ಶನಿವಾರ. ರಾತ್ರಿ 8

ಗುಡ್ಡದಿಂದ ಈಗ ಬಂದೆ. ಪಡುವಣ ಶುಭ್ರ. ಅಭಿಜಿತ್, ಅದರ ಮೇಲೆ ಹಂಸ, ಸುತ್ತಲಿನ ಸಣ್ಣವು — ಎಲ್ಲ ಎಂದಿನಂತೆ. ಹೊಸತಿಲ್ಲ. ವೀಕ್ಷಣೆ ಪುಸ್ತಕದಲ್ಲಿ ಹಾಗೇ ಬರೆದೆ.

ಇವತ್ತು ಗುಡ್ಡದ ಮೇಲೆ ನಾನೊಬ್ಬನೇ ಅಲ್ಲ. ರಂಜಾನಿನ ಚಂದ್ರ ನೋಡಲು ಶಿರಸಿ ಪೇಟೆಯ ಸಾಹೇಬರೆಲ್ಲ ಹತ್ತಿ ಬಂದಿದ್ದರು. ದುರ್ಬೀನಿನಲ್ಲಿ ನನಗೇ ಮೊದಲು ಕಂಡಿತು. ಕೂಗಿ ಹೇಳಿದೆ. ಅಬ್ದುಲ್ ರಜಾಕ್ ಸಾಹೇಬರು, ಮಸೀದಿಯ ಹಿರಿಯರು, ಒಪ್ಪಲಿಲ್ಲ. "ಬರಿಗಣ್ಣಿಗೆ ಕಾಣ್ಬೇಕು ಮಾಸ್ತರೇ. ಈಗ ಕಂಡಿದ್ದು ದುರ್ಬೀನಿಗೆ. ನಾಳೆ ಅದು ಉಪವಾಸ ಮಾಡ್ಲಿ." ಎಲ್ಲರೂ ನಕ್ಕರು. ಐದು ನಿಮಿಷದಲ್ಲಿ ಬರಿಗಣ್ಣಿಗೂ ಕಂಡಿತು.

ಈ ತಿಂಗಳು ದುರ್ಬೀನು ನನ್ನ ಹತ್ತಿರ. ಬರುವ ತಿಂಗಳು ಯಲ್ಲಾಪುರಕ್ಕೆ, ಅಲ್ಲಾವುದ್ದೀನ್ ಸಾಹೇಬರ ಹತ್ತಿರ. ಆಕಾಶಕ್ಕೂ ಹಾಗೇ ಪಾಲು: ಸಂಜೆಯ ಪಡುವಣ ನನ್ನದು, ಬೆಳಗಿನ ಮೂಡಣ ಅವರದು. ಈ ಪಾಲುದಾರಿಕೆಗೆ ನಾಲ್ಕು ವರ್ಷ. ಕನ್ನಡ ಶಾಲೆ ಮಾಸ್ತರ ಒಬ್ಬ, ಮೋಟಾರು ಏಜೆಂಟ ಒಬ್ಬ. ಕಾಯುತ್ತಿರುವುದು ಒಂದಕ್ಕೇ. ಎಲ್ಲೋ ಕಣ್ಣಿಗೆ ಕಾಣದ ಚುಕ್ಕೆಯೊಂದು ಒಮ್ಮೆಲೇ ಸಾವಿರ ಪಟ್ಟು ಹೊತ್ತಿಕೊಂಡು, ನಿನ್ನೆ ಏನೂ ಇಲ್ಲದ ಜಾಗದಲ್ಲಿ ಇವತ್ತು ನಿಂತಿರುತ್ತದಂತೆ. ಯಾರಿಗೆ ಮೊದಲು ಕಂಡರೂ ಮುಂಬಯಿಯ ಖಗೋಳ ಸಂಘಕ್ಕೆ ಇಬ್ಬರ ಹೆಸರಿನಲ್ಲೂ ತಂತಿ ಕೊಡುವುದೆಂದು ಮಾತು.

ಹೆಂಡತಿ ಗುರುಶಾಂತವ್ವ ಊಟಕ್ಕೆ ಮೂರನೇ ಸಲ ಕರೆಯುತ್ತಿದ್ದಾಳೆ.

13-12, ಗುರುವಾರ

ಗುಡ್ಡಕ್ಕೆ ಹೋಗಲಿಲ್ಲ. ಪರಮೇಶ್ವರಪ್ಪನ ಕಿರಾಣಿ ಅಂಗಡಿಯ ಜಗಲಿಯಲ್ಲಿ ಸಿಕ್ಕಿಬಿದ್ದೆ. ಅವನು ಹಾವೇರಿ ಕಡೆಯವನು, ಕಥೆ ಎಂದರೆ ಪ್ರಾಣ. "ಕುಂದರ್ರಿ ಮಾಸ್ತರ, ಆಕಾಶ ಎಲ್ಲಿ ಓಡಿ ಹೊಕ್ಕೈತಿ" ಎಂದ. ನಮ್ಮೂರ ದ್ಯಾವಮ್ಮಜ್ಜಿ ಹೇಳುತ್ತಿದ್ದ ಹುಲಿಗೆ ಹೆಣ್ಣು ಕೊಟ್ಟ ಗೌಡನ ಕಥೆ ತೆಗೆದೆ. ಹತ್ತು ಜನ ಇಪ್ಪತ್ತಾದರು. ಹುಲಿ ದಿಬ್ಬಣದಲ್ಲಿ ಬರುವ ಹೊತ್ತಿಗೆ ಎದುರಿನ ಅಂಗಡಿಯವರೂ ಬಂದು ಕೂತರು. ಎದ್ದು ನೋಡಿದರೆ ಎಂಟು ದಾಟಿತ್ತು. ಅಭಿಜಿತ್ ಮುಳುಗಿಹೋಗಿತ್ತು.

ಪುಸ್ತಕದಲ್ಲಿ "ಎಂದಿನಂತೆ" ಎಂದು ಬರೆದೆ. ನಿನ್ನೆ ಇದ್ದದ್ದು ಇವತ್ತು ಎಲ್ಲಿಗೆ ಹೋಗುತ್ತದೆ?

14-12, ಶುಕ್ರವಾರ

ಗೌಡನ ಮಗಳು ಹುಲಿಯ ಮನೆಯಲ್ಲಿ ನಿನ್ನೆ ಅರ್ಧಕ್ಕೇ ನಿಂತಿದ್ದಳು. ಜನ ಬಿಡಲಿಲ್ಲ. ಇವತ್ತೂ ಜಗಲಿ.

ಪುಸ್ತಕ — ಎಂದಿನಂತೆ.

17-12, ಸೋಮವಾರ. ಸಂಜೆ 5

ಮೊದಲಿನಿಂದ, ನೆಟ್ಟಗೆ ಬರೆಯಬೇಕು.

ಯಲ್ಲಾಪುರದ ಮೋಟಾರು ಮೂರಕ್ಕೆ ಬಂತು. ಡ್ರೈವರ್ ಶಫಿ ಎಂದಿನಂತೆ ಪೇಪರು ಕೊಟ್ಟ, ಜೊತೆಗೆ ಮಡಚಿದ ಚೀಟಿ. ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು: ವಿಲಾಯತಿಯಲ್ಲಿ ಹವ್ಯಾಸಿಯೊಬ್ಬನು ಗುರುವಾರ ಬೆಳಗಿನ ಜಾವ ಅಭಿಜಿತ್ ನಕ್ಷತ್ರದ ಸಮೀಪ ಹೊಸ ನಕ್ಷತ್ರವೊಂದನ್ನು ಕಂಡಿದ್ದಾನೆ, ಬರಿಗಣ್ಣಿಗೇ ಕಾಣುತ್ತಿದೆ.

ಚೀಟಿ ಅಲ್ಲಾವುದ್ದೀನ್ ಸಾಹೇಬರದು. ತಾರೀಖಿಲ್ಲ. ಇದ್ದದ್ದು ಇಷ್ಟು: "ಮಾಸ್ತರೇ, ಜುಮ್ಮಾ ರಾತ್ರಿ, ರೋಜಾ ಬಿಟ್ಟು ನಮಾಜು ಮುಗಿಸಿ ಹೊರಗೆ ಬಂದಾಗ, ಅಭಿಜಿತ್ತಿನ ಬಲಕ್ಕೆ ಒಂದು ಮುಷ್ಟಿ ದೂರದಲ್ಲಿ ಹೊಸತು. ಧ್ರುವನಿಗಿಂತ ಒಂದು ಮೆಟ್ಟಿಲು ಕಡಿಮೆ. ನಿಮ್ಮ ಪಾಲಿನ ಆಕಾಶ, ಕ್ಷಮಿಸಿ. ನೀವೂ ನೋಡಿ ತಂತಿ ಕೊಡಿ."

ಜುಮ್ಮಾ ಎಂದರೆ ಶುಕ್ರವಾರ. ಶುಕ್ರವಾರ ರಾತ್ರಿ ಕಂಡದ್ದನ್ನು ಸೋಮವಾರ ತಿಳಿಸುವುದೆ?

ಅದೇ ದಿನ, 8 ಗಂಟೆ

ಇದೆ. ಬೆಳದಿಂಗಳಿದ್ದರೂ ಕಾಣುತ್ತದೆ. ನಾಲ್ಕು ವರ್ಷ ದಿನವೂ ನೋಡಿದ ಜಾಗ, ನಮ್ಮ ಮನೆ ಅಂಗಳದಷ್ಟು ಪರಿಚಯ. ಅಲ್ಲಿ ಯಾರೋ ದೀಪ ಹಚ್ಚಿಟ್ಟು ಹೋದ ಹಾಗೆ. ಮುಳುಗುವವರೆಗೆ ದುರ್ಬೀನು ಇಳಿಸಲಿಲ್ಲ. ಕಣ್ಣು ಒದ್ದೆಯಾಯಿತು. ಥಂಡಿಗೂ ಇರಬಹುದು.

ಇಳಿಯುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಪೇಪರು ಮತ್ತು ಚೀಟಿ ಒಂದೇ ಕೈಯಿಂದ ಬಂದವು.

18-12, ಮಂಗಳವಾರ

ನಿದ್ದೆ ಇಲ್ಲ.

ಹುಬ್ಬಳ್ಳಿಯಿಂದ ಪೇಪರಿನ ಕಟ್ಟು ಮೊದಲು ಇಳಿಯುವುದು ಯಲ್ಲಾಪುರದಲ್ಲಿ, ಅಲ್ಲಾವುದ್ದೀನ್ ಸಾಹೇಬರ ಮೋಟಾರು ಆಫೀಸಿನ ಬಾಗಿಲಲ್ಲಿ. ಶಿರಸಿಯ ಕಟ್ಟು ಅವರೇ ಬೇರೆ ಮಾಡಿ ಹತ್ತಿಸುವುದು. ಅಂದರೆ ನನಗಿಂತ ಮೊದಲೇ ಅವರು ಪೇಪರು ಓದುತ್ತಾರೆ. ಓದಿ, ಚೀಟಿ ಬರೆದು, ಅದರ ಜೊತೆಗೇ ಕಳಿಸಿದರೆ... ಛೆ. ಅಂಥ ಮನುಷ್ಯ ಅಲ್ಲ.

ಅಂಥ ಮನುಷ್ಯ ಅಲ್ಲದಿದ್ದರೆ ತಾರೀಖು ಯಾಕಿಲ್ಲ? ಅವರ ಯಾವ ಚೀಟಿಯಲ್ಲೂ ತಾರೀಖು ತಪ್ಪಿದ್ದಿಲ್ಲ.

ಸಂಜೆ ಪರಮೇಶ್ವರಪ್ಪನ ಅಂಗಡಿಗೆ ಹೋದೆ. ಮಾತಿಗೆ ಮಾತು ಬಂದು ಅವನೇ ಹೇಳಿದ. "ನಿಮ್ಮ ಯಲ್ಲಾಪುರದ ಸಾಹೇಬ್ರು ಶುಕ್ರವಾರ ಸಂಜಿಕ ಇಲ್ಲೇ ಬಂದಿದ್ರಲ್ರಿ. ಖರ್ಜೂರ ಒಯ್ದ್ರು. ನಿಮಗ ಭೆಟ್ಟಿ ಆಗಲಿಲ್ಲೇನು?"

ಎಷ್ಟು ಹೊತ್ತಿಗೆ ಎಂದು ಕೇಳಿದೆ. ಹೊತ್ತು ಮುಳುಗುವ ಮುಂಚೆ ಬಂದು, ಇಲ್ಲೇ ಮಸೀದಿಯಲ್ಲಿ ರೋಜಾ ಬಿಟ್ಟು, ತಂಗಿ ಆಯಿಷಾಳ ಮನೆಗೆ ಹೋದರಂತೆ. ಮಸೀದಿಯ ಎದುರಿಗೆ ಮಾಡು, ಮರ. ಅಲ್ಲಿಂದ ಪಡುವಣ ಕಾಣುವುದಿಲ್ಲ. ಆಯಿಷಾಳ ಓಣಿಯಿಂದ ತಲೆಯ ಮೇಲಿನ ಆಕಾಶ ಬಿಟ್ಟರೆ ಏನೂ ಕಾಣುವುದಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು.

ಶಿರಸಿಗೆ ಬಂದವರು ನನ್ನ ಮನೆಗೆ ಬರದೆ ಹೋದರು. ನಾಲ್ಕು ವರ್ಷದಲ್ಲಿ ಇದೇ ಮೊದಲು.

19-12, ಬುಧವಾರ

ಒಂದು ಸಂಶಯ ಬಂದರೆ ಹಳೆಯದೆಲ್ಲ ಎದ್ದು ಸಾಲಾಗಿ ನಿಲ್ಲುತ್ತದೆ. ಹೋದ ವರ್ಷ ಬೆಳಕು ಬದಲಿಸುವ ಒಂದು ನಕ್ಷತ್ರದ ಹೊಳಪಿನ ಅಂದಾಜು, ನನ್ನದೂ ಅವರದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತ್ತು. ಆಗ ಹಿಗ್ಗಿದ್ದೆ. ಈಗ ಅನಿಸುತ್ತದೆ, ನನ್ನದನ್ನು ನೋಡಿ ಬರೆದಿರಬಹುದೆ? ನನ್ನ ಟಪಾಲೂ ಅವರ ಮೋಟಾರಿನಲ್ಲೇ ಹೋಗುತ್ತದಲ್ಲ. ಲಕೋಟೆಗೆ ಹಬೆ ಹಿಡಿದರೆ ಅಂಟು ಬಿಡುತ್ತದೆ, ಶಾಲೆಯ ಮಕ್ಕಳಿಗೂ ಗೊತ್ತು.

ಪರೀಕ್ಷೆ ಮಾಡೋಣವೆಂದು ಮುಂಬಯಿಗೆ ಬರೆದ ಪತ್ರದ ಮಡಿಕೆಯಲ್ಲಿ ಗುರುಶಾಂತವ್ವನ ಒಂದು ಕೂದಲು ಇಟ್ಟು ಅಂಟಿಸಿದೆ. ಆಮೇಲೆ ಹೊಳೆಯಿತು, ಕೂದಲು ಇದೆಯೋ ಇಲ್ಲವೋ ನೋಡಲು ನಾನು ಮುಂಬಯಿಗೇ ಹೋಗಬೇಕು. ಒಡೆದು ತೆಗೆದೆ. "ನನ್ನ ಕೂದ್ಲು ಯಾಕ ಬೇಕಾಗಿತ್ತು ನಿಮಗ?" ಎಂದಳು. ಹೇಳಲಿಲ್ಲ. ಸಂಶಯದಿಂದ ಒಂದು ಸಲ ನೋಡಿದಳು. ಮನೆತುಂಬ ಅದೇ ಆಗಿದೆ.

20-12, ಗುರುವಾರ

ಸಂಘಕ್ಕೆ ವರದಿ ಬರೆದು ಹಾಕಿದೆ. ವರದಿ ಯಾವತ್ತೂ ನಾನೇ ಬರೆಯುವುದು. ನನ್ನ ಅಕ್ಷರ ದುಂಡು, ಇಂಗ್ಲಿಷು ಬರುತ್ತದೆ. ನಾನು ಬರೆದದ್ದು:

ಶ್ರೀ ಅಲ್ಲಾವುದ್ದೀನ್ ಇವರು ತಾ. 14ರ ಶುಕ್ರವಾರ ರಾತ್ರಿ ಯಲ್ಲಾಪುರದಿಂದ ಕಂಡೆನೆಂದು ತಿಳಿಸಿರುತ್ತಾರೆ. ಆದರೆ ಆ ಸಂಜೆ ಅವರು ಶಿರಸಿಯಲ್ಲಿದ್ದರು. ತಾ. 13 ಮತ್ತು 14ರಂದು ನಾನು ಅದೇ ಭಾಗವನ್ನು ದುರ್ಬೀನಿನಿಂದ ಪರೀಕ್ಷಿಸಿದ್ದು, ಹೊಸತೇನೂ ಇರಲಿಲ್ಲ. ಆದ್ದರಿಂದ ಅವರ ಹೇಳಿಕೆ ನಂಬಲು ಕಷ್ಟ.

ಮೂರನೇ ವಾಕ್ಯ ಬರೆಯುವಾಗ ಪೆನ್ನು ಒಮ್ಮೆ ನಿಂತಿತು. ಪುಸ್ತಕ ತೆಗೆದು ನೋಡಿದೆ. ಎರಡೂ ದಿನ "ಎಂದಿನಂತೆ" ಎಂದೇ ಇದೆ, ನನ್ನದೇ ದುಂಡು ಅಕ್ಷರ. ಪುಸ್ತಕದಲ್ಲಿದ್ದುದನ್ನು ಬರೆದೆ.

24-12, ಸೋಮವಾರ

ಎರಡು ದಿನದ ಹಿಂದೆ ಎಂಥ ಬೆಳಕು. ಅಭಿಜಿತ್ತಿನ ಪಕ್ಕ ಇನ್ನೊಂದು ಅಭಿಜಿತ್ ಹುಟ್ಟುತ್ತಿದೆಯೋ ಎಂಬಂತೆ. ಇವತ್ತು ತುಸು ಇಳಿದಿದೆ. ಬೇಗ ಮುಳುಗುತ್ತಿದೆ ಕೂಡ.

ಶಫಿಯ ಕೈಯಲ್ಲಿ ಇನ್ನೊಂದು ಚೀಟಿ. ಈ ಸಲ ತಾರೀಖು ಇದೆ. "ತಂತಿ ಕೊಟ್ಟಿರಾ? ಏನು ಉತ್ತರ ಬಂತು? ಈಗ ಬೆಳಗಿನ ಜಾವ ಸಹರಿ ಊಟಕ್ಕೆ ಎದ್ದಾಗ ಮೂಡಣದಲ್ಲೂ ಕಾಣುತ್ತಿದೆ. ಒಂದೇ ಚುಕ್ಕೆ ನಿಮ್ಮ ಪಾಲಿನಲ್ಲೂ ನನ್ನ ಪಾಲಿನಲ್ಲೂ ಇದೆ ನೋಡಿ."

ಉತ್ತರ ಕೊಡಲಿಲ್ಲ. ತಾರೀಖು ಹಾಕಲು ಈಗ ನೆನಪಾಯಿತೆ?

1-1-1935, ಮಂಗಳವಾರ

ಮುಂಬಯಿಯ ಸೆಕ್ರೆಟರಿಯ ಪತ್ರ. ನನ್ನ ಪ್ರಾಮಾಣಿಕತೆಗೆ ಅಭಿನಂದನೆ. ಪಾಲುದಾರನ ತಪ್ಪನ್ನು ಮುಚ್ಚದೆ ತಿಳಿಸಿದ್ದು ಶ್ಲಾಘನೀಯವಂತೆ. ಅಲ್ಲಾವುದ್ದೀನರ ಹೇಳಿಕೆ ತಿರಸ್ಕೃತ. ಅಷ್ಟೇ ಅಲ್ಲ: ಒಮ್ಮೆ ಸುಳ್ಳು ದಾಖಲೆ ಕೊಟ್ಟವನ ಉಳಿದ ದಾಖಲೆಗಳಿಗೂ ಬೆಲೆ ಇಲ್ಲವಾದ್ದರಿಂದ, ಅವರ ನಾಲ್ಕು ವರ್ಷದ ಎಲ್ಲ ಅಂದಾಜುಗಳನ್ನೂ ಸಂಘದ ಪಟ್ಟಿಯಿಂದ ತೆಗೆಯಲಾಗುವುದು. ಆಕ್ಷೇಪಣೆ ಇದ್ದರೆ ಜನವರಿ 15ರ ಒಳಗೆ ತಿಳಿಸಬೇಕು.

ನಾಲ್ಕು ವರ್ಷ. ಬೆಳಗಿನ ಜಾವ ಎದ್ದು, ಕಂಬಳಿ ಹೊದ್ದು, ಮೋಟಾರಿನ ಮಾಡಿನ ಮೇಲೆ ಹತ್ತಿ ಕೂತು ಬರೆದದ್ದು.

ಗೆದ್ದ ಹಾಗೆ ಅನಿಸಬೇಕಿತ್ತು. ಪತ್ರವನ್ನು ವೀಕ್ಷಣೆ ಪುಸ್ತಕದ ಅಡಿಗೆ ಸರಿಸಿದೆ.

3-1, ಗುರುವಾರ. ರಾತ್ರಿ

ಹಿತ್ತಿಲ ಬೇಲಿಯಾಚೆಯ ಮೈಮೂನಾ ದೀಪ ಹಚ್ಚುವ ಹೊತ್ತಿಗೆ ಬಾಳೆಹಣ್ಣು ಕೊಡಲು ಬಂದಿದ್ದಳು. ನಾನು ಒಳಗೆ ಪಾಠದ ಟಿಪ್ಪಣಿ ಬರೆಯುತ್ತಿದ್ದೆ. ಇಬ್ಬರ ಮಾತು ಕೇಳುತ್ತಿತ್ತು. ಇವತ್ತೇನು ವಿಶೇಷ ಎಂದು ಗುರುಶಾಂತವ್ವ ಕೇಳಿದಳು.

"ಜುಮ್ಮಾ ರಾತ್ರಿ ಅಲ್ವಾ ಅಕ್ಕಾ, ಅದಕ್ಕೇ."

"ಏ, ಇವತ್ತು ಬೇಸ್ತವಾರ. ಉಪಾಸ ಮಾಡಿ ದಿನಾನೂ ಮರ್ತಿ ಏನು?"

ಮೈಮೂನಾ ನಕ್ಕಳು. "ಹೊತ್ತು ಮುಳುಗ್ತಲ್ಲ. ಬೇಸ್ತವಾರ ನಿಮಗೆ ಇದೆ, ನಮಗೆ ಹೋಯ್ತು. ನಮ್ಮಲ್ಲಿ ರಾತ್ರಿ ಮೊದ್ಲು ಬರ್ತದೆ, ಹಗಲು ಹಿಂದಿನಿಂದ."

ಪೆನ್ನು ಕೆಳಗೆ ಬಿತ್ತು. ಎದ್ದು ಹೊರಗೆ ಹೋಗಿ ಇನ್ನೊಮ್ಮೆ ಹೇಳಿಸಿದೆ. ಹುಡುಗಿ ಹೆದರಿದಳು, ಆದರೆ ಹೇಳಿದಳು. ಗುರುವಾರ ಸೂರ್ಯ ಮುಳುಗಿದರೆ ಶುಕ್ರವಾರ ಶುರು. ಆ ರಾತ್ರಿಯೇ ಶುಕ್ರವಾರದ ರಾತ್ರಿ. ಶುಕ್ರವಾರ ಸಂಜೆ ಬರುವುದು ಶನಿವಾರದ ರಾತ್ರಿ.

ನಾನು ಹುಟ್ಟಿದಂದಿನಿಂದ ಸೂರ್ಯನ ಜೊತೆ ದಿನ ಹುಟ್ಟುವುದನ್ನು ನೋಡಿದವನು. ಮಕ್ಕಳಿಗೆ ಹೇಳಿಕೊಟ್ಟದ್ದೂ ಅದೇ. ಗುಡ್ಡದ ಮೇಲೆ ಅವರೆಲ್ಲ ಸಂಜೆಯ ಚಂದ್ರ ನೋಡಿ ತಿಂಗಳು ಶುರುಮಾಡಿದಾಗ ಪಕ್ಕದಲ್ಲೇ ನಿಂತಿದ್ದೆ. ದಿನವೂ ಹಾಗೇ ಶುರುವಾಗುತ್ತದೆಂದು ಹೊಳೆಯಲಿಲ್ಲ.

ಅವರು ಕಂಡದ್ದು ಗುರುವಾರ ಸಂಜೆ. ತಾ. 13. ಯಲ್ಲಾಪುರದಲ್ಲಿ, ಬರಿಗಣ್ಣಿನಲ್ಲಿ. ನಾನು ಜಗಲಿಯ ಮೇಲೆ ಹುಲಿಗೆ ಮದುವೆ ಮಾಡಿಸುತ್ತಿದ್ದಾಗ.

4-1, ಶುಕ್ರವಾರ

ಇನ್ನೂ ಒಂದು ಎಳೆ ಹಿಡಿದುಕೊಂಡಿದ್ದೆ. ಚೀಟಿ ಸೋಮವಾರ ಯಾಕೆ ಬಂತು? ಮೋಟಾರು ಬಂದ ಕೂಡಲೇ ಶಫಿಯನ್ನು ಬದಿಗೆ ಕರೆದು ಕೇಳಿದೆ. ಮೊದಲು ಸೋಮವಾರವೇ ಕೊಟ್ಟರು ಎಂದ. ಇನ್ನೊಮ್ಮೆ ಕೇಳಿದೆ. ನೆಲ ನೋಡಿದ.

"ಶುಕ್ರವಾರ ಬೆಳಿಗ್ಗೆ ಗಾಡಿ ಬಿಡೋವಾಗ ಕೊಟ್ರು ಮಾಸ್ತರೇ. ಅರ್ಜೆಂಟು ಅಂದ್ರು. ಪಾನಾ ಇಡೋ ಡಬ್ಬೀಲಿ ಹಾಕ್ದೆ, ಮರ್ತೇಹೋಯ್ತು. ಸೋಮವಾರ ಟಾಯರು ಬಿಚ್ಚೋವಾಗ ಸಿಕ್ತು. ಸಾಹೇಬ್ರಿಗೆ ಹೇಳ್ಬೇಡಿ."

ಹೇಳುವುದಿಲ್ಲ ಎಂದೆ. ಎಣ್ಣೆಯ ಕಲೆ ಚೀಟಿಯ ಮೂಲೆಯಲ್ಲಿ ಈಗಲೂ ಇದೆ. ಹದಿನೆಂಟು ದಿನದಿಂದ ಆ ಚೀಟಿಯನ್ನು ತಿರುಗಿಸಿ ತಿರುಗಿಸಿ ಓದಿದ್ದೇನೆ. ಕಲೆ ಕಾಣಲಿಲ್ಲ.

7-1, ಸೋಮವಾರ. ಯಲ್ಲಾಪುರದಿಂದ ಬಂದು

ಇವತ್ತು ಅವರ ಹಬ್ಬ. ಹಬ್ಬದ ದಿನ ಇಂಥ ಮಾತು ಒಯ್ಯಬಾರದಿತ್ತು. ಆದರೆ ನಾಳೆಗೆ ಇಟ್ಟರೆ ನಾಡಿದ್ದಿಗೆ ಇಡುತ್ತೇನೆಂದು ಗೊತ್ತಿತ್ತು.

ಅಲ್ಲಾವುದ್ದೀನ್ ಸಾಹೇಬರು ಹೊಸ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದರು. ಕಂಡವರೇ ಅಪ್ಪಿಕೊಂಡರು, ಅತ್ತರಿನ ಪರಿಮಳ. ತಾಯಿ ಬಿಸ್ಮಿಲ್ಲಾ ಬಿ ನನಗೆಂದೇ ಬೇರೆ ತಟ್ಟೆಯಲ್ಲಿ ದ್ರಾಕ್ಷಿ ಗೋಡಂಬಿ ಇಟ್ಟು, ಎರಡು ವಾರದಿಂದ ಯಾಕೆ ಚೀಟಿಗೆ ಉತ್ತರವಿಲ್ಲ, ಮಗ ದಿನಾ ಮೋಟಾರು ಕಾಯುತ್ತಾನೆ ಎಂದು ಗದರಿದರು. ತಿನ್ನಲಾಗಲಿಲ್ಲ. ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಪೇಪರು, ಖರ್ಜೂರ, ನನ್ನ ವರದಿ, ಮುಂಬಯಿಯ ಪತ್ರ. ಪತ್ರ ಓದಿ ತೋರಿಸಿದೆ. ಇಂಗ್ಲಿಷಿನದನ್ನು ಕನ್ನಡದಲ್ಲಿ ಹೇಳುವಾಗ "ಸುಳ್ಳು ದಾಖಲೆ" ಎಂಬಲ್ಲಿ ಪತ್ರ ಮಡಚಹೋದೆ. ಅವರೇ, ಮುಂದೆ ಹೇಳಿ ಎಂದರು.

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ನಿಧಾನವಾಗಿ ಹೇಳಿದರು. "ಆ ಶುಕ್ರವಾರ ನಾನು ಸಿರ್ಸಿಗೆ ಬಂದಿದ್ದೇ ನಿಮಗಾಗಿ ಮಾಸ್ತರೇ. ಚೀಟಿ ಮುಟ್ಟಿದ್ಯೋ, ನೀವು ನೋಡಿದ್ರೋ ಅಂತ. ಖರ್ಜೂರ ತಗೊಳ್ಳೋವಾಗ ಜಗಲಿ ಮೇಲೆ ನಿಮ್ಮ ದನಿ. ಜನದ ಹಿಂದೆ ನಿಂತು ಸ್ವಲ್ಪ ಕೇಳ್ದೆ. ಅಜಾನ್ ಆಯ್ತು, ಹೋದೆ. ರೋಜಾ ಬಿಟ್ಟು ತಿರುಗಿ ಬಂದ್ರೆ ಕಥೆ ಇನ್ನೂ ನಡೀತಿತ್ತು. ಏಳೂಕಾಲು. ಚುಕ್ಕೆ ಇಳೀತಾ ಇರೋ ಹೊತ್ತು."

ಕರೆಯಬಹುದಿತ್ತಲ್ಲ ಎಂದೆ.

"ಇಪ್ಪತ್ತು ಜನ ನಿಮ್ಮ ಬಾಯಿ ನೋಡ್ತಿದ್ರು. ಅವರ ಎದುರಿಗೆ, ಏನ್ ಮಾಸ್ತರೇ, ಆಕಾಶ ಬಿಟ್ಟು ಇಲ್ಲಿ ಕೂತಿದ್ದೀರಾ ಅಂತ ಕೇಳೋದಾ?"

ಅಂದರೆ ಅವರಿಗೆ ಗೊತ್ತಿತ್ತು. ನಾನು ಆ ಸಂಜೆ ಗುಡ್ಡ ಹತ್ತಲಿಲ್ಲವೆಂದು, ಮೂರು ವಾರದಿಂದ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಆ 24ರ ಚೀಟಿಯಲ್ಲೂ ಒಂದು ಮಾತಿಲ್ಲ.

ಮುಂಬಯಿಗೆ ಬರೆಯುತ್ತೇನೆ ಎಂದೆ. ಜುಮ್ಮಾ ರಾತ್ರಿಯ ವಿಷಯ ಬರೆಯುತ್ತೇನೆ. ಅದಷ್ಟೇ ಸಾಲದು, 13ರಂದು ಅಲ್ಲಿ ಹೊಸತೇನೂ ಇರಲಿಲ್ಲ ಎಂದು ನನ್ನ ಪುಸ್ತಕ ಹೇಳುತ್ತದೆ, ಅದಿರುವ ತನಕ ನಿಮ್ಮ ಮಾತು ನಿಲ್ಲುವುದಿಲ್ಲ. ಆದ್ದರಿಂದ ಆ ಎರಡು ದಿನ ನಾನು ನೋಡದೆ ಬರೆದೆ ಎಂದೂ ಬರೆಯುತ್ತೇನೆ.

ಅವರು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಅದರ ಅಂಚು ಸರಿಮಾಡುತ್ತಿದ್ದರು.

"ಎರಡೇ ದಿನಾನಾ ಮಾಸ್ತರೇ?"

ನಾನು ಪತ್ರವನ್ನು ಕಿಸೆಗೆ ಹಾಕಿಕೊಂಡೆ.

"ಮುಂಬಯಿಯವರು ಕೇಳ್ತಾರೆ. ನಾನು ಕೇಳ್ತಿಲ್ಲ" ಎಂದರು. ಆಮೇಲೆ, ಮೋಟಾರು ಹೊರಡುವ ಹೊತ್ತಾಯಿತು, ಶಫಿಗೆ ಮುಂದಿನ ಸೀಟು ಇಡಲು ಹೇಳಿದ್ದೇನೆ ಎಂದರು.

8-1, ಮಂಗಳವಾರ. ಶಾಲೆಗೆ ರಜೆ ಹಾಕಿದೆ

ಪತ್ರದ ಮೊದಲ ಪುಟ ಮುಗಿಯಿತು. ಜುಮ್ಮಾ ರಾತ್ರಿ ಎಂದರೆ ಯಾವುದು, ಚೀಟಿ ಯಾವಾಗ ಕೊಟ್ಟದ್ದು, ತಾ. 13 ಮತ್ತು 14ರಂದು ನಾನು ಎಲ್ಲಿದ್ದೆ. ಶಫಿಯ ಹೆಸರು ಹಾಕಲಿಲ್ಲ, ದಾರಿಯಲ್ಲಿ ತಡವಾಯಿತು ಎಂದಷ್ಟೇ. ಹಗುರಾಯಿತು.

ಕೊನೆಯ ವಾಕ್ಯ ಉಳಿದಿದೆ. "ಈ ಎರಡು ದಿನಗಳನ್ನು ಬಿಟ್ಟು ನನ್ನ ಉಳಿದ ದಾಖಲೆಗಳೆಲ್ಲ ಕಣ್ಣಾರೆ ಕಂಡು ಬರೆದವು." ಬರೆದೆ. ಹೊಡೆದುಹಾಕಿದೆ. ಇನ್ನೊಮ್ಮೆ ಬರೆದೆ.

ಎರಡೇ ದಿನಾನಾ?

ನಾಲ್ಕು ವರ್ಷದ ವೀಕ್ಷಣೆ ಪುಸ್ತಕಗಳನ್ನೂ ಈ ದಿನಚರಿಯ ಹಳೆಯ ಕಟ್ಟನ್ನೂ ಪಕ್ಕಪಕ್ಕ ಇಟ್ಟುಕೊಂಡಿದ್ದೇನೆ. ಒಂದೊಂದು ತಾರೀಖು ಹೊಂದಿಸಿ ನೋಡುವುದು. ಹೊಂದದಿದ್ದಲ್ಲಿ ಕೆಂಪು ಪೆನ್ಸಿಲಿನ ಗೆರೆ. ಮಧ್ಯಾಹ್ನದೊಳಗೆ ಮುಗಿಸಿ ಟಪಾಲಿಗೆ ಹಾಕಬೇಕು ಎಂದುಕೊಂಡು ಕೂತವನು. ಗುರುಶಾಂತವ್ವ ಎರಡು ಸಲ ಇಣುಕಿ ಹೋದಳು. ಪೆನ್ಸಿಲು ಎಷ್ಟು ಸಲ ಹೆರೆದೆ ಎಂದು ನೋಡಿಕೊಂಡಿರಬೇಕು.

1932 ನವೆಂಬರಿಗೆ ಬಂದಿದ್ದೇನೆ.

ನವೆಂಬರ್ 2. ಪುಸ್ತಕ: ಎಂದಿನಂತೆ. ದಿನಚರಿ: ಗುಡ್ಡದಲ್ಲಿ ಥಂಡಿ. ಸರಿ, ನೋಡಿದ್ದೆ.

ನವೆಂಬರ್ 3. ಎಂದಿನಂತೆ. ದಿನಚರಿ: ಗುಡ್ಡಕ್ಕೆ ಹೋಗುವಾಗ ಚಪ್ಪಲಿ ಹರಿಯಿತು. ನೋಡಿದ್ದೆ.

ನವೆಂಬರ್ 4. ಎಂದಿನಂತೆ. ದಿನಚರಿ: ಸಂಜೆ ಬನವಾಸಿಯಲ್ಲಿ, ಅಕ್ಕ ಶಾರದವ್ವನ ಮಗುವಿನ ನಾಮಕರಣ. ದುರ್ಬೀನು ಆ ತಿಂಗಳು ಯಲ್ಲಾಪುರದಲ್ಲಿತ್ತು. ಬರಿಗಣ್ಣಿನಲ್ಲಿ ನೋಡಿರಬಹುದು. ನೋಡಿರಬೇಕು.

ನವೆಂಬರ್ 5. ಎಂದಿನಂತೆ. ದಿನಚರಿ: ನಾಲ್ಕರಿಂದ ಮಳೆ, ರಾತ್ರಿಯಿಡೀ ಬಿಡಲಿಲ್ಲ.

ನವೆಂಬರ್ 6. ಎಂದಿನಂತೆ. ದಿನಚರಿ —